ಗೌರವ ಪಿಚರ್ ಮತ್ತಿತರ ಪದಾಧಿಕಾರಿಗಳು

ಬಸವಂತ ಆ ಟೋಪಿ ಕೊಂಡದ್ದು ತಲೆಗೆ, ಅಭಿಮಾನಕ್ಕಲ್ಲ. ಕುವೈತಿನ ಜೂನ್ ತಿಂಗಳಲ್ಲಿ ಬರಿದಲೆ ಬೆಳಗಿನ ಹೊತ್ತಿಗೇ ಒಗ್ಗರಣೆ ಸೌಟಿನಷ್ಟು ಕಾಯುತ್ತದೆ. ಶುಕ್ರವಾರದ ಸಂತೆಯಲ್ಲಿ ಒಬ್ಬ ನೆಲದ ಮೇಲೆ ಟೋಪಿಗಳ ಗುಡ್ಡೆ ಹಾಕಿಕೊಂಡು ಕೂತಿದ್ದ. ಆ ಗುಡ್ಡೆಯಲ್ಲಿ ಬೇರೆಯವರ ಬೆವರಿನ ವಾಸನೆ ಇಲ್ಲದೇ ಇದ್ದದ್ದು ಒಂದೇ. ಅದರ ಮುಂಭಾಗದಲ್ಲಿ ಚೆಂಡು ಕಚ್ಚಿಕೊಂಡ ಒಂದು ಹದ್ದಿನ ಚಿತ್ರವಿತ್ತು. ಹದ್ದು ಚೆಂಡನ್ನು ಯಾಕೆ ಕಚ್ಚಿಕೊಂಡಿದೆ ಎಂದು ಬಸವಂತ ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಬಸವಂತ ಬಾಗಲಕೋಟೆ ಕಡೆಯವನು. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಒಂದು ಗುತ್ತಿಗೆ ಕಂಪನಿಯ ಟೆಕ್ನಿಷಿಯನ್. ಎಣ್ಣೆಯ ಟ್ಯಾಂಕುಗಳ ನಡುವೆ ಹಳೆಯ ವಾಲ್ವ್ ಬಿಚ್ಚಿ ಹೊಸ ವಾಲ್ವ್ ಹಾಕುವುದು ಅವನ ಕೆಲಸ. ಅವನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದು ಕುರ್ಚಿ. ಅದು ಕುವೈತ್ ನಗರದ ಶರ್ಕ್‌ನಲ್ಲಿ, ಕಂಪನಿಯ ಹೆಡ್ ಆಫೀಸಿನ ಹದಿನೇಳನೇ ಮಹಡಿಯಲ್ಲಿ, ಪ್ಲಾನಿಂಗ್ ವಿಭಾಗದಲ್ಲಿತ್ತು. ಎಸಿಯ ಗಾಳಿ ನೇರವಾಗಿ ಅದರ ಮೇಲೆ ಬೀಸುತ್ತಿತ್ತು. ಇಕಾಮಾದ, ಅಂದರೆ ವಾಸದ ಪರವಾನಗಿಯ, ಕೆಲಸಕ್ಕೆಂದು ಒಮ್ಮೆ ಹೋದಾಗ ಯಾರೂ ಇಲ್ಲದ್ದು ನೋಡಿ ಅದರ ಮೇಲೆ ಕೂತು ಬಂದಿದ್ದ. ಅಂದಿನಿಂದ ಮನೆಯ ಸೋಫಾ ಕೂಡ ಅವನಿಗೆ ಮುಳ್ಳಾಗಿತ್ತು.

ಅಲ್ಲಿಗೆ ವರ್ಗವಾಗಲು ಮೀನಾದ ಸೈಟ್ ಮ್ಯಾನೇಜರ್ ಮಿಶಾಲ್ ಸಹಿ ಮಾಡಬೇಕಿತ್ತು. ಬಸವಂತ ಎರಡು ಸಲ ಕೇಳಿದ್ದ. ಮಿಶಾಲ್ ಎರಡು ಸಲವೂ "ಇನ್ಶಾ ಅಲ್ಲಾಹ್", ದೇವರ ಇಚ್ಛೆಯಿದ್ದರೆ, ಎಂದಿದ್ದ. ಕುವೈತಿನ ಆಫೀಸುಗಳಲ್ಲಿ ಅದರ ಅರ್ಥ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮಿಶಾಲ್ ಕುವೈತಿ, ಅಮೆರಿಕದಲ್ಲಿ ಇಂಜಿನಿಯರಿಂಗ್ ಓದಿ ಬಂದವನು. ಇಂಜಿನಿಯರಿಂಗ್ ಎಷ್ಟು ತಂದನೋ ಗೊತ್ತಿಲ್ಲ, ಬೇಸ್‌ಬಾಲ್ ಅಂತೂ ಪೂರ್ತಿ ತಂದಿದ್ದ. ಕಂಪನಿಯ ಮೂರು ಸೈಟುಗಳ ನಡುವೆ ಟೂರ್ನಮೆಂಟ್ ಶುರು ಮಾಡಿದವನೂ ಅವನೇ. ಹೋದ ವರ್ಷ ಮೀನಾ ತಂಡ ಎಲ್ಲ ಪಂದ್ಯಗಳನ್ನೂ ಸೋತಿತ್ತು. ಎದುರಾಳಿಗಳ ಬಸ್ಸು ಕೆಟ್ಟು ನಾಲ್ಕೇ ಜನ ಬಂದಿದ್ದ ಪಂದ್ಯವನ್ನೂ ಬಿಟ್ಟಿರಲಿಲ್ಲ. ಆ ತಂಡದ ಬಳಿ ಹೇಳಿಕೊಳ್ಳುವಂಥದ್ದು ಇದ್ದದ್ದು ಒಂದು ದೊಡ್ಡ ಹಳದಿ ವಾಟರ್ ಕೂಲರ್ ಮಾತ್ರ. ಬೆಳಿಗ್ಗೆ ಹಾಕಿದ ಐಸ್ ಸಂಜೆಯವರೆಗೂ ಕರಗುತ್ತಿರಲಿಲ್ಲ. ಉಳಿದ ಎರಡೂ ತಂಡಗಳಿಗೆ ಅದರ ಮೇಲೆ ಕಣ್ಣಿತ್ತು.

ಒಂದು ದಿನ ಮಿಶಾಲ್‌ನ ಕಣ್ಣು ಬಸವಂತನ ಟೋಪಿಯ ಹದ್ದಿನ ಮೇಲೆ ಬಿತ್ತು.

"ಬಸವಂತ! ನೀನು ಬೇಸ್‌ಬಾಲ್ ನೋಡುತ್ತೀಯಾ?"

ಬಸವಂತನ ಕಣ್ಣು ಮಿಶಾಲ್‌ನ ಜೇಬಿನ ಪೆನ್ನಿನ ಮೇಲೆ ಬಿತ್ತು.

"ಸಣ್ಣವನಿದ್ದಾಗಿನಿಂದ, ಸರ್."

"ಆಡಿದ್ದೀಯಾ?"

"ಊರಿನ ತಂಡದಲ್ಲಿ, ಸರ್."

ಊರಿನ ತಂಡ ಲಗೋರಿಯದು. ಲಗೋರಿಯಲ್ಲೂ ಚೆಂಡು ಎಸೆಯುತ್ತಾರೆ, ಓಡುತ್ತಾರೆ, ಕೊನೆಗೆ ಬೈದಾಡುತ್ತಾರೆ. ಅಷ್ಟರ ಮಟ್ಟಿಗೆ ಅವನು ಹೇಳಿದ್ದು ಸುಳ್ಳಲ್ಲ.

ಮಿಶಾಲ್ ಅವನನ್ನು ಒಳಗೆ ಕರೆದು ಬಾಗಿಲು ಹಾಕಿದ. ಬಸವಂತನಿಗಾಗಿ ಆ ಬಾಗಿಲು ಹಾಕಿದ್ದು ಅದೇ ಮೊದಲು. ಇಂಗ್ಲಿಷ್, ಹಿಂದಿ, ಅರಬ್ಬಿ ಮೂರನ್ನೂ ಕಲಸಿ ಮಿಶಾಲ್ ಹೇಳಿದ್ದರ ಸಾರಾಂಶ ಹೀಗಿತ್ತು: ಪಂದ್ಯ ಗೆಲ್ಲುವುದು ಮೈದಾನದಲ್ಲಲ್ಲ, ಆಟವಿಲ್ಲದ ತಿಂಗಳುಗಳಲ್ಲಿ. ಅಮೆರಿಕದಲ್ಲಿ ಚಳಿಗಾಲ ಬಿಡುವು, ಇಲ್ಲಿ ಬೇಸಿಗೆ ಬಿಡುವು, ಅಷ್ಟೇ ವ್ಯತ್ಯಾಸ. ಈ ಬಿಡುವಿನಲ್ಲೇ ತಂಡ ಕಟ್ಟಬೇಕು. ಹೆಸರು ನೋಡಬಾರದು, ವಯಸ್ಸು ನೋಡಬೇಕು. ಹೋದ ವರ್ಷ ಏನೂ ಮಾಡದವನನ್ನು ಮುಲಾಜಿಲ್ಲದೆ ಬಿಡಬೇಕು. ಮೊದಲು ಚೆಂಡು ಎಸೆಯುವ ಪಿಚರ್, ಆಮೇಲೆ ಅದನ್ನು ಹಿಡಿಯುವ ಕ್ಯಾಚರ್, ಉಳಿದವರು ಕೊನೆಗೆ. ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಎಡಗೈ ಪಿಚರ್ ಬೇಕೇ ಬೇಕು. ನಮ್ಮಲ್ಲಿ ಸಿಗದಿದ್ದರೆ ನಮ್ಮವನೊಬ್ಬನನ್ನು ಬೇರೆ ತಂಡಕ್ಕೆ ಕೊಟ್ಟು ಅವರವನನ್ನು ತರಬೇಕು.

"ನೀನು ಬಲ್ಲವನು. ಮ್ಯಾನೇಜರ್ ನೀನೇ. ಕಂಪನಿಯವರಾಗಲಿ, ಹೊರಗಿನವರಾಗಲಿ, ಸಿವಿಲ್ ಐಡಿ ಇದ್ದರೆ ಸಾಕು. ಅಕ್ಟೋಬರ್‌ನಲ್ಲಿ ಶರ್ಕ್ ತಂಡದ ಜೊತೆ ಮೊದಲ ಪಂದ್ಯ. ಅದನ್ನು ಗೆದ್ದುಕೊಡು. ಮರುದಿನವೇ ಶರ್ಕ್‌ಗೆ ಸಹಿ. ಖಲಾಸ್."

ಈ ಸಲ ಅವನು ಇನ್ಶಾ ಅಲ್ಲಾಹ್ ಎನ್ನಲಿಲ್ಲ. ಬಸವಂತ ಅದನ್ನು ಗಮನಿಸಿದ.

ಫಿಂಟಾಸ್‌ನ ಫ್ಲ್ಯಾಟಿಗೆ ಬಂದು ಅವನು ಮೊದಲು ಕೇಳಿದ್ದು ಮಗಳು ಸ್ನೇಹಾಳನ್ನು. ಅವಳು ಏಳನೇ ತರಗತಿ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಅವಳ ಪದ್ಧತಿ.

"ಸ್ನೇಹಾ, ಈ ಬೇಸ್‌ಬಾಲ್‌ದಾಗ ಎಷ್ಟ್ ಮಂದಿ ಇರ್ತಾರ?"

"ನೈನ್, ಅಪ್ಪಾ."

"ಒಂಬತ್ತ? ಬರೇ ಒಂಬತ್ತ?"

"ಓನ್ಲಿ ನೈನ್." ಅವಳು ಮೊಬೈಲಿನಲ್ಲಿ ಒಂದು ಪಂದ್ಯ ಹಚ್ಚಿ ತೋರಿಸಿದಳು. ಬಸವಂತ ಅರ್ಧ ಗಂಟೆ ನೋಡಿದ. ಒಬ್ಬ ಎಸೆದ, ಒಬ್ಬ ಹಿಡಿದ, ಇನ್ನೊಬ್ಬ ಉಗುಳಿದ. ಅಷ್ಟಕ್ಕೆ ಸಾವಿರಾರು ಜನ ಎದ್ದು ನಿಂತರು.

ಹೆಂಡತಿ ನೇತ್ರಾ ಅಡುಗೆಮನೆಯಿಂದ ಜೋಳದ ಹಿಟ್ಟಿನ ಕೈಯಲ್ಲೇ ಬಂದಳು. "ಏನ್ರೀ, ಮ್ಯಾನೇಜರ್ ಆದ್ರಂತ? ಹಂಗಾದ್ರ ನಮ್ಮ ರವಿಕಿರಣಗ ಒಂದು ಜಾಗಾ ಇಡ್ರಿ. ಕ್ರಿಕೆಟ್ ಎಷ್ಟ್ ಚೆಂದ ಆಡ್ತಾನ ಅವ."

"ಇದು ಕ್ರಿಕೆಟ್ ಅಲ್ಲಲೇ."

"ಬ್ಯಾಟ್ ಐತಿಲ್ಲೋ? ಚಂಡು ಐತಿಲ್ಲೋ? ಮತ್ತೇನು! ನನ್ನ ತಮ್ಮ ಅಂದ ಕೂಡ್ಲೆ ನಿಮಗ ಆಟಾನ ಬ್ಯಾರೆ ಆಗ್ತೈತಿ."

ರವಿಕಿರಣ ತಂಡದ ಮೊದಲ ಸದಸ್ಯನಾದ. ಎಸಿ ರಿಪೇರಿ ಮಾಡುವ ಅವನು ಆಗ ಅವರ ಹಾಲ್‌ನಲ್ಲೇ ಮಲಗಿದ್ದ. ವಿಷಯ ಅವನಿಗೆ ಎದ್ದ ಮೇಲೆ ತಿಳಿಯಿತು.

ಮರುದಿನ ಕೆಳಗಿನ ಫ್ಲ್ಯಾಟಿನ ಆಂಥೋನಿ ಮತ್ತು ಅಪೊಲೋನಿಯಾ ಒಂದು ಡಬ್ಬಿ ಸಾಣ್ಣಾ ಇಡ್ಲಿ ಹಿಡಿದುಕೊಂಡು ಮೇಲೆ ಬಂದರು. ಮಂಗಳೂರು ಕಡೆಯವರು, ಆಂಥೋನಿ ಆಸ್ಪತ್ರೆಯೊಂದರ ಆಫೀಸಿನಲ್ಲಿ, ಅಪೊಲೋನಿಯಾ ಅದೇ ಆಸ್ಪತ್ರೆಯಲ್ಲಿ ನರ್ಸ್.

"ಬಸವಂತಣ್ಣ, ನನ್ನ ತಮ್ಮ ಮೋರಿಸ್ ಉಂಟಲ್ಲ," ಎಂದು ಅಪೊಲೋನಿಯಾ ಡಬ್ಬಿ ಮುಂದೆ ತಳ್ಳಿದಳು. "ನಿಮ್ಮದೇ ಕಂಪನಿ, ಶರ್ಕ್ ಆಫೀಸಲ್ಲಿ ಅಕೌಂಟ್ಸಿಗೆ ಹೊಸತಾಗಿ ಸೇರಿದ್ದಾನೆ. ಅವ ಎಡಗೈಯಲ್ಲಿ ಕಲ್ಲು ಬಿಸಾಡಿದ್ರೆ ಮಾವಿನಕಾಯಿ ತೊಟ್ಟು ಸಮೇತ ಬೀಳ್ತಿತ್ತು. ಇನ್ನೂ ಯಾವ ತಂಡಕ್ಕೂ ಸೇರಲಿಲ್ಲ."

ಎಡಗೈ ಎಂದ ಕೂಡಲೇ ಬಸವಂತ ಪೆನ್ನು ತೆಗೆದ. ಆಂಥೋನಿ ಕೆಮ್ಮಿದ.

"ಮನೆಯಲ್ಲಿ ಭಾವ ಇರುವಾಗ ಭಾವಮೈದನಿಗೆ ಎಂತ ಸೀಟು ಮಾರಾಯ್ತಿ? ನಾನು ಕಾಲೇಜಲ್ಲಿ ಶಾಟ್‌ಪುಟ್ ಬಿಸಾಡಿದವ. ಮತ್ತೆ ನಮ್ಮ ಸೆಡ್ರಿಕ್ ಇಲ್ವಾ? ಮಗನನ್ನು ಬಿಟ್ಟು ತಮ್ಮನನ್ನು ಹೇಳ್ತೀಯಲ್ಲ, ಜನ ಎಂತ ಹೇಳಿಯಾರು?"

ಸಾಣ್ಣಾ ತಿಂದಾಗಿತ್ತು. ತಿಂದ ಬಾಯಲ್ಲಿ ಇಲ್ಲ ಎನ್ನುವ ರೂಢಿ ಬಾಗಲಕೋಟೆ ಕಡೆ ಇಲ್ಲ. ಬಸವಂತ ಆಂಥೋನಿಯ ಹೆಸರನ್ನೂ ಸೆಡ್ರಿಕ್‌ನ ಹೆಸರನ್ನೂ ಬರೆದುಕೊಂಡ. ಮೋರಿಸ್‌ನ ವಿಚಾರ ಸಂದಿಗ್ಧವಾದ್ದರಿಂದ ಹಿರಿಯರೊಬ್ಬರನ್ನು ಕೇಳುವುದೆಂದು ತೀರ್ಮಾನಿಸಿದ.

ಹಿರಿಯರೆಂದರೆ ಈರಯ್ಯ. ಫಿಂಟಾಸ್‌ನ ಕನ್ನಡ ಬಳಗಕ್ಕೆ ಅವರು ಎಷ್ಟು ವರ್ಷದಿಂದ ಅಧ್ಯಕ್ಷರೆಂದು ಅವರ ಹೆಂಡತಿ ಬಾಳಕ್ಕನಿಗೂ ನೆನಪಿಲ್ಲ. ಬೇರೆ ಯಾರನ್ನು ಅಧ್ಯಕ್ಷರನ್ನಾಗಿ ಮಾಡಿದರೂ ಮತ್ತ್ಯಾರಿಗೋ ಸಿಟ್ಟು ಬರುತ್ತಿತ್ತು. ಈರಯ್ಯನವರು ಅಧ್ಯಕ್ಷರಾದರೆ ಎಲ್ಲರಿಗೂ ಸಮನಾಗಿ ಸಿಟ್ಟು ಬರುತ್ತಿತ್ತು. ಆದ್ದರಿಂದ ಅವಿರೋಧ ಆಯ್ಕೆ.

"ತಮ್ಮಾ," ಎಂದರು ಈರಯ್ಯ, ಕಾಲು ಮಡಚಿ ಕೂತು. "ಆಟದ್ದು ನನಗ ಗೊತ್ತಿಲ್ಲ. ತಂಡ ಕಟ್ಟೂದು ಮಾತ್ರ ನನ್ನ ಮುಂದ ಹೇಳಬ್ಯಾಡ. ತಂಡ ಅಂದ್ರ ಕಮಿಟಿ. ಕಮಿಟೀನ ಗೆಲ್ಲಾಕ ಮಾಡಂಗಿಲ್ಲ, ಯಾರೂ ಸಿಟ್ಟಾಗಬಾರದಂತ ಮಾಡ್ತಾರ. ಹೊರಗ ಉಳದವರು ವರ್ಷಾನುಗಟ್ಟಲೆ ಮಾತಾಡ್ತಾರ. ಒಳಗ ತಗೊಂಡ್ರ ಮೀಟಿಂಗಿನ್ಯಾಗ ಅಷ್ಟ ಮಾತಾಡ್ತಾರ."

"ಒಂಬತ್ತ ಜಾಗಾ ಅವರಿ, ಕಾಕಾ."

"ಜಾಗಾ ಒಂಬತ್ತ ಇರವಲ್ದ್ಯಾಕ, ಹುದ್ದೆ ಎಷ್ಟರೆ ಮಾಡಬಹುದು. ಪಿಚರ್ ಒಬ್ಬ. ಅವನ ಕೆಳಗ ಉಪ ಪಿಚರ್. ಜಂಟಿ ಪಿಚರ್. ಸಂಘಟನಾ ಪಿಚರ್. ಮ್ಯಾಲೊಬ್ಬ ಗೌರವ ಪಿಚರ್."

"ಗೌರವ ಪಿಚರ್ ಯಾರ್ರಿ?"

ಈರಯ್ಯ ಸುಮ್ಮನೆ ಕಿಟಕಿಯ ಕಡೆ ನೋಡಿದರು. ಬಾಳಕ್ಕ ಬಸವಂತನಿಗೆ ಇನ್ನೊಂದು ಕಪ್ ಚಹಾ ತಂದಿಟ್ಟು, "ಇವರ ಬಿಟ್ರ ಯಾರದಾರಪಾ," ಎಂದರು.

ಮೋರಿಸ್‌ನ ಪ್ರಶ್ನೆಯನ್ನು ಈರಯ್ಯ ಒಂದೇ ಮಾತಿನಲ್ಲಿ ಬಗೆಹರಿಸಿದರು: "ಒಂದ ಮನ್ಯಾಗಿಂದ ಇಬ್ರು ಆದ್ರು. ಮೂರನೇದವನ್ನ ತಗೊಂಡ್ರ ಬೀದರದವರು ಎದ್ದು ನಿಂದರ್ತಾರ. ಅವರದು ಇನ್ನೂ ಒಂದೂ ಆಗಿಲ್ಲ."

ಹೀಗೆ ಎಡಗೈ ಮೋರಿಸ್ ಹೊರಗುಳಿದ. ಬೀದರಿನ ಧನರಾಜ್ ಒಳಗೆ ಬಂದ. ಅವನಿಗೆ ಎರಡೂ ಕೈ ಮೇಲೆತ್ತಿದರೆ ಭುಜ ಹಿಡಿದುಕೊಳ್ಳುತ್ತಿತ್ತು. ಆದರೆ ಬೀದರಿನವನು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಬೇಸಿಗೆಯೆಲ್ಲ ತಂಡ ಬೆಳೆಯಿತು. ಹೋದ ವರ್ಷ ಏನೂ ಮಾಡದವರನ್ನು ಬಿಡಲು ಬಸವಂತ ಅವರ ಮನೆಗಳಿಗೆ ಹೋದ. ಅವರು ಊಟ ಹಾಕಿದರು. ಅವರೆಲ್ಲ 'ಮಾಜಿ ಪಿಚರ್' ಎಂಬ ಹೆಸರಿನಲ್ಲಿ ಮುಂದುವರಿದರು. ಕಟ್ಟಡದ ಕೆಳಗೆ ಕೆಫೆಟೇರಿಯಾ ನಡೆಸುವ ಶಬೀರ್ ಕ್ಯಾಚರ್ ಆದ. ಅವನು ಪರೋಟದ ಹಿಟ್ಟನ್ನು ಗಾಳಿಗೆ ಹಾರಿಸಿ, ಗಿರಾಕಿಯ ಜೊತೆ ಮಾತಾಡುತ್ತಲೇ ಹಿಡಿಯುತ್ತಿದ್ದ. ಬಸವಂತ ಆಟ ನೋಡಿ ಆರಿಸಿದ್ದು ಅವನೊಬ್ಬನನ್ನೇ. ಅದೂ ಪರೋಟ ತಿನ್ನಲು ಹೋದಾಗ. ಮಹಿಳಾ ಪ್ರಾತಿನಿಧ್ಯ ಇಲ್ಲವೆಂದು ಪುಷ್ಪಾವತಿ ಎಂಬ ಟೀಚರ್ ಬಳಗದ ವಾಟ್ಸಾಪ್ ಗುಂಪಿನಲ್ಲಿ ಬರೆದರು. ಅವರೂ ಒಳಗೆ ಬಂದರು. ಸ್ವಾಗತ ಮತ್ತು ನಿರೂಪಣೆ ಅವರದು.

ಸೆಪ್ಟೆಂಬರ್ ಹೊತ್ತಿಗೆ ಮೂವತ್ತೊಂದು ಜನ ಆಗಿದ್ದರು.

"ಅಪ್ಪಾ," ಎಂದಳು ಸ್ನೇಹಾ. "ಓನ್ಲಿ ನೈನ್ ಕ್ಯಾನ್ ಪ್ಲೇ."

"ಗೊತ್ತೈತವ್ವಾ. ಆಡೋವ್ರು ಒಂಬತ್ತ ಮಂದೀನ. ಉಳದವ್ರು ಪದಾಧಿಕಾರಿಗಳು."

ಬಸವಂತ ಹೆದರುತ್ತಲೇ ಮಿಶಾಲ್‌ನ ಮುಂದೆ ನಿಂತ. ಮಿಶಾಲ್ ಹೆಸರುಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಅವನ ಮುಖ ಅರಳಿತು.

"ಮೂವತ್ತೊಂದು! ಹಬೀಬಿ, ಅಮೆರಿಕದ ದೊಡ್ಡ ಕ್ಲಬ್ಬುಗಳು ಹೀಗೇ ಮಾಡುವುದು. ಒಬ್ಬ ಬಿದ್ದರೆ ಇನ್ನೊಬ್ಬ ರೆಡಿ! ಪಿಚರ್‌ಗಳೇ ಹದಿನಾಲ್ಕು ಜನ! ಮೊದಲು ಎಸೆಯುವವನು ಯಾರು?"

"ಈರಯ್ಯ ಅಂತ, ಸರ್. ಅರವತ್ತೊಂದು ವರ್ಷ."

ಮಿಶಾಲ್ ಕುರ್ಚಿಯಿಂದ ಮುಂದಕ್ಕೆ ಬಾಗಿದ. ವಯಸ್ಸಾದ ಮೇಲೂ ಎಸೆಯುವವರು ಅಮೆರಿಕದಲ್ಲಿ ಇದ್ದರಂತೆ. ಅವರು ಚೆಂಡನ್ನು ಬೆರಳಿನ ಗೆಣ್ಣಿನಿಂದ ಒತ್ತಿ ಹಿಡಿದು ಎಸೆಯುತ್ತಿದ್ದರಂತೆ. ಆ ಚೆಂಡು ಎತ್ತ ಹೋಗುತ್ತದೆಂದು ಎಸೆದವನಿಗೂ ಗೊತ್ತಾಗುತ್ತಿರಲಿಲ್ಲವಂತೆ. "ಇವನೂ ಹಾಗೆಯಾ?"

"ಎತ್ತ ಹೋಗ್ತದೋ ಅವರಿಗೂ ಗೊತ್ತಿಲ್ಲ, ಸರ್," ಎಂದ ಬಸವಂತ. ಅಷ್ಟು ಸತ್ಯವಾದ ಮಾತನ್ನು ಅವನು ಆ ಬೇಸಿಗೆಯಲ್ಲಿ ಬೇರೆ ಎಲ್ಲೂ ಆಡಿರಲಿಲ್ಲ.

"ಎಡಗೈಯವನು?"

"ಒಬ್ಬ ಇದ್ದ, ಸರ್. ಈಗ ಶರ್ಕ್ ತಂಡಕ್ಕೆ ಸೇರಿದ್ದಾನೆ."

ಮಿಶಾಲ್‌ಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಆದರೂ ಮೂವತ್ತೊಂದು ಜನರಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡ.

ಅಕ್ಟೋಬರ್ ಕೊನೆಯ ಶುಕ್ರವಾರ ಅಹ್ಮದಿಯ ಮೈದಾನದಲ್ಲಿ ಪಂದ್ಯ. ಅಂಪೈರ್ ರೂಬೆನ್ ಎಂಬ ಫಿಲಿಪಿನೋ, ಮೂರನೇ ಸೈಟಿನವನು. ಆಟ ನಾಲ್ಕಕ್ಕೆ ಶುರುವಾಗಬೇಕಿತ್ತು. ನಾಲ್ಕಕ್ಕೆ ಪುಷ್ಪಾವತಿ ಟೀಚರ್ ಸ್ವಾಗತ ಶುರು ಮಾಡಿದರು. ಪ್ರಾರ್ಥನೆ ಆಯಿತು. ಮಿಶಾಲ್‌ಗೆ ಶಾಲು ಹೊದಿಸಿದರು. ರೂಬೆನ್‌ಗೂ ಹೊದಿಸಿದರು, ಅವನು ಅದನ್ನು ಬೆವರು ಒರೆಸಲೆಂದು ಭಾವಿಸಿ ಒರೆಸಿಕೊಂಡು ವಾಪಸ್ ಕೊಟ್ಟ. ಶರ್ಕ್ ತಂಡ ಬಿಸಿಲಿನಲ್ಲಿ ಸಾಲಾಗಿ ನಿಂತು ಮೀನಾದವರ ಹಳದಿ ಕೂಲರನ್ನೇ ನೋಡುತ್ತಿತ್ತು.

ಈರಯ್ಯ ಮೊದಲ ಚೆಂಡು ಎಸೆದರು. ಅದು ಶಬೀರ್‌ನ ಕಡೆ ಹೋಗದೆ ಪ್ರೇಕ್ಷಕರ ಕಡೆ ಹೋಗಿ ಬಾಳಕ್ಕನ ಚೀಲದಲ್ಲಿ ಬಿತ್ತು. ಮಿಶಾಲ್ ಬಸವಂತನ ತೋಳು ಹಿಡಿದು, "ನೋಡಿದೆಯಾ ತಿರುವು?" ಎಂದ.

"ಕಾಕಾ, ಇನ್ನ ಉಪ ಪಿಚರ್‌ಗೆ ಬಿಟ್ಟುಕೊಡ್ರಿ," ಎಂದು ಬಸವಂತ ಮೆಲ್ಲಗೆ ಹೇಳಿದ.

"ಉದ್ಘಾಟನಾ ಮಾಡಿದವ ಸಭಾ ಮುಗಿಯೂ ತನಕ ಇರಬೇಕೋ ತಮ್ಮಾ. ಅದು ಪದ್ಧತಿ."

ಉಪ ಪಿಚರ್ ಬಂದ. ಈರಯ್ಯ ಅಲ್ಲೇ ನಿಂತರು. ಜಂಟಿ ಪಿಚರ್ ಬಂದ; ಉಪ ಪಿಚರ್ ಹೋಗಲಿಲ್ಲ. ಅವನ ಹೆಂಡತಿ ಫೋಟೋ ತೆಗೆಯುವುದು ಬಾಕಿ ಇತ್ತು. ಓಡುವವರು ಮುಟ್ಟಬೇಕಾದ ಮೊದಲ ಬೇಸ್ ಕಾಯುತ್ತಿದ್ದ ಆಂಥೋನಿಯನ್ನು ಬದಲಿಸಿ ಧನರಾಜ್‌ನನ್ನು ಕಳಿಸಿದಾಗ ಆಂಥೋನಿ, "ಎಂತಕ್ಕೆ? ನಾನು ಎಂತ ತಪ್ಪು ಮಾಡಿದ್ದು ಹೇಳಿ, ಮತ್ತೆ ಹೋಗ್ತೇನೆ," ಎಂದ. ಅವನು ನಿಜವಾಗಿಯೂ ಏನೂ ಮಾಡಿರಲಿಲ್ಲ. ಇಬ್ಬರೂ ಒಂದೇ ಬೇಸ್ ಮೇಲೆ ನಿಂತರು. ರೂಬೆನ್ ಆಟ ನಿಲ್ಲಿಸಿ ಮೈದಾನದಲ್ಲಿದ್ದ ಮೀನಾದವರನ್ನು ಎಣಿಸಿದ. ಹದಿನೆಂಟು ಜನ. ಅಷ್ಟು ಜನರಿದ್ದರೂ ಶರ್ಕ್‌ನವರು ಹೊಡೆದ ಚೆಂಡು ಒಬ್ಬರ ಕೈಗೂ ಸಿಕ್ಕಿರಲಿಲ್ಲ. ಹಿರಿಯ ಮೂವರು ಚೆಂಡು ಬಂದಾಗ, "ನೀವು ಹಿಡೀರಿ", "ಏ ನೀವು ಹಿಡೀರಿ" ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಿದ್ದರು.

ಮೀನಾ ತಂಡ ಬ್ಯಾಟಿಂಗ್‌ಗೆ ಬಂದಾಗ ಎದುರಿಗೆ ನಿಂತವನು ಎಡಗೈ ಮೋರಿಸ್. ಅವನು ಎಸೆದ ಚೆಂಡು ಕಾಣುತ್ತಿರಲಿಲ್ಲ. ಹಿಂದೆ ಕ್ಯಾಚರ್‌ನ ಕೈಗವಸಿನಲ್ಲಿ ಟಪ್ ಎಂದಾಗ ಬಂದದ್ದು ಗೊತ್ತಾಗುತ್ತಿತ್ತು. ಒಬ್ಬರ ನಂತರ ಒಬ್ಬರು ನಮಸ್ಕಾರ ಮಾಡಿ ಹಿಂದಿರುಗಿದರು. ಅಪೊಲೋನಿಯಾ ಮೀನಾ ತಂಡದ ಕಡೆ ಕೂತುಕೊಂಡೇ ಚಪ್ಪಾಳೆ ತಟ್ಟಿದಳು. ಆಂಥೋನಿ ಕಣ್ಣು ಬಿಟ್ಟದ್ದಕ್ಕೆ, "ತಮ್ಮ ಅಲ್ವಾ?" ಎಂದಳು.

ಕೊನೆಗೆ ರವಿಕಿರಣ ಕಣ್ಣುಮುಚ್ಚಿ ಬೀಸಿದ. ಚೆಂಡಿಗೆ ಬ್ಯಾಟು ತಾಗಿತು. ಚೆಂಡು ಬೇಲಿಯ ತನಕ ಹೋಯಿತು. ಇಡೀ ಫಿಂಟಾಸ್ ಎದ್ದು ನಿಂತಿತು. ರವಿಕಿರಣ ಬ್ಯಾಟ್ ಹಿಡಿದುಕೊಂಡೇ ಮೊದಲ ಬೇಸ್‌ಗೆ ಓಡಿ, ಬ್ಯಾಟಿನಿಂದ ಅದನ್ನು ಮುಟ್ಟಿ, ಎರಡನೇ ಬೇಸ್‌ಗೆ ಹೋಗದೆ ತಿರುಗಿ ಹೊರಟ ಜಾಗಕ್ಕೇ ಓಡಿ ಬಂದ. ಮತ್ತೆ ಅಲ್ಲಿಗೆ ಓಡಿದ. ಮತ್ತೆ ಬಂದ.

"ಗೋ ಟು ಸೆಕೆಂಡ್! ಮಾಮಾ, ಸೆಕೆಂಡ್!" ಎಂದು ಸ್ನೇಹಾ ಕಿರುಚಿದಳು.

"ನಾಕನೇ ರನ್ ಓಡಾಕತ್ತೇನಿ!" ಎಂದು ರವಿಕಿರಣ ಹೆಮ್ಮೆಯಿಂದ ಕೂಗಿದ. ಶರ್ಕ್‌ನವರು ಚೆಂಡು ಹಿಡಿದುಕೊಂಡು ಅವನು ದಣಿಯುವುದನ್ನೇ ಕಾಯುತ್ತ ನಿಂತರು.

ಪಂದ್ಯದ ಫಲಿತಾಂಶವನ್ನು ವಿವರಿಸಬೇಕಾಗಿಲ್ಲ. ವಂದನಾರ್ಪಣೆ ಮಾತ್ರ ಚೆನ್ನಾಗಿ ನಡೆಯಿತು. ಯಾರಿಗೂ ಸಿಟ್ಟು ಬಂದಿರಲಿಲ್ಲ. ಮೂವತ್ತೊಂದು ಜನರೂ ಇಂಥ ತಂಡ ಹಿಂದೆ ಆಗಿರಲಿಲ್ಲವೆಂದರು. ಈರಯ್ಯ ಹೋಗುವಾಗ, ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಬೇಕೆಂದು ಹಳದಿ ಕೂಲರನ್ನು ತಮ್ಮ ಗಾಡಿಗೆ ಹಾಕಿಸಿಕೊಂಡರು. "ನಾಕ ದಿನದಾಗ ತಿರುಗಿ ಕಳಸ್ತೇನಿ," ಎಂದರು. ಬಸವಂತ ಹೂಂ ಎಂದ. ಕೂಲರಿನ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮೈದಾನದ ನಡುವೆ ಮಿಶಾಲ್ ಶಾಲು ಹೊದ್ದುಕೊಂಡು ಒಬ್ಬನೇ ನಿಂತಿದ್ದ.

ಭಾನುವಾರ ಬೆಳಿಗ್ಗೆ ಕರೆ ಬಂತು. ಬಸವಂತ ಟೋಪಿಯನ್ನು ಲಾಕರಿನಲ್ಲಿಟ್ಟು ಒಳಗೆ ಹೋದ.

"ಸುಮ್ಮನೆ ಕೂತುಕೋ," ಎಂದ ಮಿಶಾಲ್. "ಎರಡು ದಿನದಿಂದ ಒಂದೇ ಯೋಚನೆ. ನಮಗೆ ಆ ಎಡಗೈಯವನು ಬೇಕು. ಶರ್ಕ್‌ನವರು ಕೊಡಲು ಒಪ್ಪಿದ್ದಾರೆ. ಅವನಿಗೆ ಬದಲಾಗಿ ನಿನ್ನನ್ನು ಕೊಡುತ್ತಿದ್ದೇನೆ."

ಬಸವಂತ ಕೂತಲ್ಲಿಂದ ಎದ್ದ. "ಶರ್ಕ್‌ಗಾ, ಸರ್? ಪ್ಲಾನಿಂಗ್ ವಿಭಾಗಕ್ಕಾ?"

"ಎಲ್ಲಿ ಬೇಕೋ ಅಲ್ಲಿ ಇಟ್ಟುಕೊಳ್ಳಲಿ." ಮಿಶಾಲ್ ಸಹಿ ಮಾಡಿದ. ಪೆನ್ನು ಕಾಗದ ಹರಿದೀತು ಎಂಬಷ್ಟು ಒತ್ತಿ ಮಾಡಿದ. "ಮೊದಲು ಅವರು ಒಪ್ಪಲಿಲ್ಲ. ಬರೀ ಬಸವಂತ ಅಂದರೆ ಸಮ ಆಗುವುದಿಲ್ಲ ಅಂದರು. ನಾನು ವಾಟರ್ ಕೂಲರನ್ನೂ ಸೇರಿಸಿದೆ. ಯಲ್ಲಾ, ಹೋಗು."

ಫಿಂಟಾಸ್‌ನಲ್ಲಿ ಸುದ್ದಿ ಎರಡು ಬಗೆಯಾಗಿ ಹರಡಿತು. ನೇತ್ರಾ ಅದನ್ನು ಪ್ರಮೋಶನ್ ಎಂದು ಹೇಳಿ ಮೇಲಿನ ಮೂರು ಮಹಡಿಗೂ ಬೇಸನ್ ಉಂಡಿ ಹಂಚಿದಳು. ಕೆಳಗಿನ ಮಹಡಿಯಲ್ಲಿ ಅಪೊಲೋನಿಯಾ ಬಾಗಿಲು ತೆರೆಯಲಿಲ್ಲ. ಬಾಗಿಲ ಹಿಂದಿನಿಂದ, "ಎಸಿಯಲ್ಲಿ ಕೂತಿದ್ದ ನನ್ನ ತಮ್ಮನನ್ನು ಬಿಸಿಲಿಗೆ ಹಾಕಿ ಈಗ ಉಂಡಿ ತಂದದ್ದಾ? ಸಾಣ್ಣಾ ತಿಂದ ಡಬ್ಬಿ ಆದ್ರೂ ವಾಪಸ್ ಕೊಡಿ," ಎಂದಳು.

ಮುಂದಿನ ಭಾನುವಾರ ಬಸವಂತ ಇಸ್ತ್ರಿ ಮಾಡಿದ ಅಂಗಿ ಹಾಕಿ ಹದಿನೇಳನೇ ಮಹಡಿಗೆ ಹೋದ. ಕುರ್ಚಿ ಅಲ್ಲೇ ಇತ್ತು, ಖಾಲಿ. ಎಸಿ ಅದರ ಮೇಲೇ ಬೀಸುತ್ತಿತ್ತು. ಅವನು ಅದರ ಬೆನ್ನಿನ ಮೇಲೆ ಕೈ ಇಟ್ಟ. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥೆ ನೂರಾ ಎಂಬ ಕುವೈತಿ ಹೆಂಗಸು ಹೊರಗೆ ಬಂದು ಅವನ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಬೆನ್ನ ಹಿಂದೆ ನೋಡಿದಳು.

"ಕೂಲರ್ ಎಲ್ಲಿ?"

"ಬರುತ್ತದೆ, ಮೇಡಂ. ಇನ್ಶಾ ಅಲ್ಲಾಹ್."

"ಹಾಗಾದರೆ ನೀನು ಇನ್ನೂ ಪೂರ್ತಿ ಬಂದಿಲ್ಲ," ಎಂದಳು ನೂರಾ. "ಅದು ಬರುವ ತನಕ ಅಲ್ಲಿ ಕೂತಿರು." ಲಿಫ್ಟಿನ ಪಕ್ಕ, ಬಂದು ಹೋಗುವವರಿಗೆಂದು ಹಾಕಿದ್ದ ಒಂದು ಪ್ಲಾಸ್ಟಿಕ್ ಸ್ಟೂಲನ್ನು ತೋರಿಸಿದಳು. ಎಸಿ ಅಲ್ಲಿಯ ತನಕ ಬರುತ್ತಿರಲಿಲ್ಲ.

ಬಸವಂತ ಸ್ಟೂಲಿನ ಮೇಲೆ ಕೂತು ಈರಯ್ಯನವರಿಗೆ ಫೋನ್ ಮಾಡಿದ.

"ಕಾಕಾ, ಆ ಕೂಲರ್ ಇವತ್ತ ಕಳಸ್ರಿ. ಕಾಲ್ ಬೀಳ್ತೇನಿ."

"ಕಳಸೋಣಲ್ಲ ತಮ್ಮಾ, ಅದಕ್ಕೇನು," ಎಂದರು ಈರಯ್ಯ. "ಆದ್ರ ಅದು ತಂಡದ ಆಸ್ತಿ. ನಾ ಒಬ್ಬನ ಹೆಂಗ ಕೊಡ್ಲಿ? ಮೂವತ್ತೊಂದು ಮಂದಿ ಅದಾರ. ನಾಳೆ ಯಾರರೆ ಸಿಟ್ಟಾದ್ರ? ಮೀಟಿಂಗ್ ಕರೀತೇನಿ ತಡಿ."

"ಯಾವಾಗ್ರಿ?"

"ಎಲ್ಲಾರೂ ಪುರುಸೊತ್ತಾದಾಗ."